ಮಣೆ ಬಿಟ್ಟೆದ್ದವಳು

ನಮ್ಮೂರಲ್ಲಿ ನಿಂತವರಿಗೆ ಮಾತು ಬರುವುದಿಲ್ಲ. ಕೂತರೆ ಬರುತ್ತದೆ. ಮಲಗಿದರೆ ಗೊರಕೆ, ನರಳಿಕೆ, ಅಷ್ಟೇ. ಕುಕ್ಕರುಗಾಲಿನಲ್ಲಿ ಕೂತರೆ ಅದೂ ನಿಂತ ಲೆಕ್ಕವೇ. ಬಾಯಿ ಆಡುತ್ತದೆ, ಸದ್ದು ಹೊರಡುವುದಿಲ್ಲ. ಅಂಡು ಎಲ್ಲಾದರೂ ಊರಲೇಬೇಕು. ಬೇರೆ ಊರಿನವರು ಮೊದಲ ಸಲ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಾರೆ. ಟೀ ಅಂಗಡಿಯವನು ಒಂದು ಸ್ಟೂಲು ತಳ್ಳಿ ಕೊಡುತ್ತಾನೆ. ಕೂತ ಮೇಲೆ ಅವರು ಕೇಳುವ ಮೊದಲ ಪ್ರಶ್ನೆ, "ಇದೇನ್ರೀ ನಿಮ್ಮೂರು?" ಅವನು ಕೊಡುವ ಉತ್ತರ, "ಟೀ ಕೊಡ್ಲಾ, ಕಾಫಿ ಕೊಡ್ಲಾ?"

ಇದರಿಂದ ನಮಗೇನೂ ತೊಂದರೆಯಿಲ್ಲ. ಬಸ್ ಕಂಡಕ್ಟರ್ ಸೊಂಟದ ಹಿಂದೆ ಒಂಟಿಕಾಲಿನ ಸ್ಟೂಲು ಕಟ್ಟಿಕೊಂಡಿರುತ್ತಾನೆ. ಊರಿ ಕೂತು "ರೈಟ್" ಎಂದು ಕೂಗಿ ಮತ್ತೆ ಏಳುತ್ತಾನೆ. ಕಟಿಂಗ್ ಶಾಪಿನವರು ನಿಂತೇ ಕೆಲಸ ಮಾಡುವುದರಿಂದ ನಮ್ಮೂರಿನಲ್ಲಿ ಅವರಷ್ಟು ಮೌನಿಗಳು ಮಠದಲ್ಲೂ ಸಿಗುವುದಿಲ್ಲ. ಜಗಳವಾದರೆ ಹೊಡೆಯುವವರು ನಿಂತು ಹೊಡೆಯುತ್ತಾರೆ, ಬೈಯುವವರು ಕೂತು ಬೈಯುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಲಾಗದ್ದರಿಂದ ಅರ್ಧ ಜಗಳಗಳು ಅಲ್ಲಿಗೇ ಸುಸ್ತಾಗುತ್ತವೆ. ಕುರ್ಚಿಗಾಗಿ ಬಡಿದಾಡುವ ರಾಜಕಾರಣಿಗಳನ್ನು ನಾವು ತಪ್ಪು ತಿಳಿಯುವುದಿಲ್ಲ, ಪಾಪ, ಅವರಿಗೂ ಏನೋ ಹೇಳುವುದಿರುತ್ತದೆ. ಬರೆದು ತೋರಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ತೋರಿಸಬಹುದು. ಆದರೆ ಬೈಗುಳವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಅದಕ್ಕೆ ಉಪ್ಪು ಖಾರ ಎಲ್ಲಿರುತ್ತದೆ? ಹಾಗಾಗಿ ನಾವು ಕೂತೇ ಮಾತಾಡುತ್ತೇವೆ.

ನನ್ನ ಹೆಸರು ಚನ್ನಾಜಮ್ಮ. ನನ್ನ ಕಸುಬು ಕೂರುವುದು. ನಮ್ಮೂರಲ್ಲಿ ಮದುವೆ ಮಾತುಕತೆ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಬಿಡುಗಡೆ, ಎಲ್ಲವೂ ಮಣೆಯ ಮೇಲೆಯೇ ತೀರ್ಮಾನವಾಗುತ್ತವೆ. ಎರಡು ಪಕ್ಷಕ್ಕೆ ಎರಡು ಮಣೆ, ಪಕ್ಷಕ್ಕೊಬ್ಬ ಮಾತುಗಾರ. ಉಳಿದ ನೆಂಟರು, ಹಿರಿಯರು, ಗಂಡು, ಹೆಣ್ಣು ಎಲ್ಲರೂ ಸುತ್ತ ನಿಂತಿರಬೇಕು, ಅಂದರೆ ಬಾಯಿ ಮುಚ್ಚಿಕೊಂಡಿರಬೇಕು. ಯಾರು ಮೊದಲು ಮಣೆ ಬಿಟ್ಟು ಏಳುತ್ತಾರೋ ಅವರ ಪಕ್ಷ ಸೋತ ಹಾಗೆ. ಸಿಟ್ಟಿಗೆದ್ದಿರೋ, ಸೋತು ಎದ್ದಿರೋ, ಒಂದಕ್ಕೆ ಎದ್ದಿರೋ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಈ ಕಸುಬಿನಲ್ಲಿ ನಾಲಗೆಗಿಂತ ಒಂದು ತೂಕ ಹೆಚ್ಚು ಬಲ ಮೂತ್ರಕೋಶಕ್ಕಿರಬೇಕು. ನನಗಿತ್ತು. ಬೆಳಗಿನ ತಿಂಡಿಗೆ ಮೊದಲು ಕೂತವಳು ದೀಪ ಹಚ್ಚುವವರೆಗೂ ಬಿಗಿಹಿಡಿದು ಕೂತು, ನಗುನಗುತ್ತಲೇ ಎದುರಿನವನ ಬೆವರಿಳಿಸಿದ್ದೇನೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ನಾನು ಕೂತೇ ಮನೆ ಕಟ್ಟಿಸಿದವಳು.

ನನ್ನ ಗಂಡ ಮರುಳಪ್ಪ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾರೆ. ಇಡೀ ದಿನ ಕಾವಲಿಯ ಮುಂದೆ ನಿಂತಿರುವ ಗಂಡಸು, ಅಂದರೆ ಇಡೀ ದಿನ ಮಾತಿಲ್ಲದ ಗಂಡಸು. ನೋಡಿಯೇ ಒಪ್ಪಿಕೊಂಡಿದ್ದೆ. ಮನೆಗೆ ಬಂದರೂ ಅಭ್ಯಾಸಬಲದಿಂದ ಗೋಡೆಗೊರಗಿ ನಿಂತಿರುತ್ತಾರೆ, ನಾನು ಕೂತು ಮಾತಾಡುತ್ತೇನೆ. ನಮ್ಮ ಸಂಸಾರದಂಥ ಸುಖದ ಸಂಸಾರ ಊರಲ್ಲಿ ಇನ್ನೊಂದಿರಲಿಲ್ಲ.

ನೋವು ಬಂದದ್ದು ಒಂದು ಪಾಲಿನ ಪಂಚಾಯ್ತಿಯ ನಡುವೆ. ಮೊದಲು ಸಣ್ಣ ಉರಿ. ಆಮೇಲೆ ಯಾರೋ ಒಂದು ಲಿಂಬೆಹಣ್ಣು ಇಟ್ಟು ನನ್ನನ್ನು ಅದರ ಮೇಲೆ ಕೂರಿಸಿದ ಹಾಗೆ. ಆಮೇಲೆ ಆ ಲಿಂಬೆಹಣ್ಣಿಗೆ ಕರೆಂಟು ಕೊಟ್ಟ ಹಾಗೆ. ಹೇಗೋ ಹಲ್ಲುಕಚ್ಚಿ ಆ ದಿನ ಗೆದ್ದೆ. ಮನೆಗೆ ಬಂದು ನಿಂತೆ, ಕಡಿಮೆಯಾಯಿತು. ಕೂತೆ, ಮತ್ತೆ ಬಂತು. ವಾರ ಕಳೆಯುವಷ್ಟರಲ್ಲಿ ಕೂರುವುದೇ ಶಿಕ್ಷೆಯಾಯಿತು. "ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಾಳೆ" ಎಂಬ ಮಾತನ್ನು ನಾನು ಎಷ್ಟು ಜನರ ಮೇಲೆ ಎಸೆದಿದ್ದೆನೋ ಲೆಕ್ಕವಿಲ್ಲ. ಆ ಬೆಕ್ಕಿನ ಕಷ್ಟ ಏನೆಂದು ಈಗ ತಿಳಿಯಿತು.

ನಮ್ಮೂರಲ್ಲಿ ಕೂರಲಾಗದವಳು ಎಂದರೆ ಏನು ಹೇಳಿ? ಮೂಗಿ. ಒಂದು ಪಕ್ಕಕ್ಕೆ ವಾಲಿ ಕೂತರೆ ಅರ್ಧ ದನಿ ಬರುತ್ತಿತ್ತು, ಅದೂ ಕೀರಲಾಗಿ. ಇನ್ನೊಂದು ಪಕ್ಕಕ್ಕೆ ವಾಲಿದರೆ ಗೊಗ್ಗರು. ಎರಡು ಪಕ್ಕವೂ ಸೇರಿದಾಗಲೇ ಚನ್ನಾಜಮ್ಮ. ಹಾಲಿನವನು ಕಡಿಮೆ ಅಳೆದರೂ ಬೈಯಲಾಗದೆ ನಿಂತು ಕಣ್ಣು ಬಿಡುವ ಗತಿ ಬಂತು. ಮಾತು ನುಂಗಿ ನುಂಗಿ ಹೊಟ್ಟೆ ಉಬ್ಬರಿಸಿತು. ಸಂಕಟವೆಂದರೆ ಸಂಕಟ, ಅಳು ಬರುವಷ್ಟು ಸಂಕಟ.

ಆಗಬಾರದ ಜಾಗದಲ್ಲಿ ಹುಣ್ಣು, ಅಳಿಯನೇ ವೈದ್ಯ ಎಂಬ ಗಾದೆ ಕೇಳಿದ್ದೀರಲ್ಲ. ನನಗೆ ಹುಣ್ಣೂ ಇರಲಿಲ್ಲ, ಅಳಿಯನೂ ಇರಲಿಲ್ಲ. ಡಾಕ್ಟರರ ಮುಂದೆ ಕೂತು ಹೇಳಬೇಕು. ಕೂತ ತಕ್ಷಣ ನೋವು. ಎಲ್ಲಿ ಎಂದು ಹೇಳುವಷ್ಟರಲ್ಲಿ ಎದ್ದುಬಿಡುತ್ತಿದ್ದೆ. ನಿಂತು ಕೈಯಲ್ಲಿ ತೋರಿಸೋಣವೆಂದರೆ ತೋರಿಸುವಂಥ ಜಾಗವಲ್ಲ. ಒಬ್ಬರು ಮೂತ್ರದ ಸೋಂಕು ಎಂದರು. ಪರೀಕ್ಷೆಯಲ್ಲಿ ಸೋಂಕು ಸಿಗದಿದ್ದರೂ ಮಾತ್ರೆ ಬರೆದರು, ವಾಸಿಯಾಗದ್ದಕ್ಕೆ ಅದನ್ನೇ ಇನ್ನೊಮ್ಮೆ ಬರೆದರು. ಇನ್ನೊಬ್ಬರು ಮೂಲವ್ಯಾಧಿ ಡಾಕ್ಟರು, ಇಣುಕಿ ನೋಡಿ, "ನನ್ನ ಇಲಾಖೇದು ಏನೂ ಇಲ್ಲ" ಎಂದರು. ಹೆಂಗಸರ ಡಾಕ್ಟರು, "ಮುಟ್ಟು ನಿಲ್ಲೋ ವಯಸ್ಸು, ಸ್ನಾಯು ಸಡಿಲ ಆಗಿರುತ್ತೆ, ಮೂತ್ರ ತಡೆದ ಹಾಗೆ ಬಿಗಿಹಿಡಿದು ಬಿಡೋ ವ್ಯಾಯಾಮ ಮಾಡಿ" ಎಂದರು. ಶ್ರದ್ಧೆಯಿಂದ ಮಾಡಿದೆ. ಲಿಂಬೆಹಣ್ಣು ತೆಂಗಿನಕಾಯಿಯಾಯಿತು. ಸ್ಕ್ಯಾನುಗಳೆಲ್ಲ ನಾರ್ಮಲ್. ಆ ಪದದ ಮೇಲೆ ನನಗೆ ಎಂಥ ದ್ವೇಷ ಬಂತೆಂದರೆ, ಯಾರಾದರೂ ನಾರ್ಮಲ್ ಎಂದರೆ ಕಪಾಳಕ್ಕೆ ಬಾರಿಸಬೇಕೆನ್ನಿಸುತ್ತಿತ್ತು. ಕೊನೆಗೊಬ್ಬ ಹಿರಿಯ ಡಾಕ್ಟರು, "ಎಲ್ಲಾ ಮನಸ್ಸಿಂದು ತಾಯಿ, ಒಂದು ತೀರ್ಥಯಾತ್ರೆ ಮಾಡ್ಕೊಂಡ್ ಬನ್ನಿ" ಎಂದರು. ಬಸ್ಸಿನಲ್ಲಿ ಎರಡು ದಿನ ಕೂತು ಹೋಗುವ ಯಾತ್ರೆ! ಆಗ ನಿಂತಿದ್ದೆನಾಗಿ ಅವರು ಬದುಕಿಕೊಂಡರು.

ನನ್ನ ಹಳೆಯ ಎದುರಾಳಿ ಕೊಟ್ರಯ್ಯ ಇನ್ನೊಂದು ಮಣೆಯ ಮಾತುಗಾರ. ಎಪ್ಪತ್ತು ದಾಟಿದ ಮುದುಕ, ಮೀಸೆಗೆ ಇನ್ನೂ ಬಣ್ಣ. ಅವನು ಕಟ್ಟೆಯ ಮೇಲೆ ಕೂತು, "ಚನ್ನಾಜಮ್ಮನ ಕೆಳಗೆ ಗೊದ್ದ ಇರುವೆ ಗೂಡು ಕಟ್ಟಿದಾವಂತೆ" ಎಂದು ಊರಿಗೆಲ್ಲ ಹಂಚಿದ. ನನ್ನ ಬಳಿ ಅದಕ್ಕೆ ಒಳ್ಳೆಯ ಉತ್ತರವಿತ್ತು. ಕಟ್ಟೆಯ ಮುಂದೆ ನಿಂತು ಅದನ್ನು ಬಾಯೊಳಗೇ ಅರೆದು ನುಂಗಿ ಮನೆಗೆ ಬಂದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಚ್ಚಲಿನೊಳಗಿಂದ, "ರೀ, ಟವೆಲ್ ಕೊಡ್ರೀ, ಎಷ್ಟು ಸಲ ಹೇಳೋದು ಬಾಗಿಲಿಗೆ ಹಾಕಿಡಿ ಅಂತ" ಎಂದು ಕೂಗಿದೆ. ಹೊರಗೆ ಪಾತ್ರೆ ಬಿದ್ದ ಸದ್ದಾಯಿತು. ನಾನೂ ಬೆಚ್ಚಿದೆ. ತುಂಬು ದನಿ, ಹಳೆಯ ಚನ್ನಾಜಮ್ಮನ ದನಿ! ನಾನು ಕಮೋಡಿನ ಮೇಲೆ ಕೂತಿದ್ದೆ, ಕರೆಂಟಿಲ್ಲ, ಲಿಂಬೆಹಣ್ಣಿಲ್ಲ. ಅಷ್ಟು ದಿನ ಅಲ್ಲಿ ಹೋದ ಕೆಲಸ ಮುಗಿಸಿ ಏಳುತ್ತಿದ್ದೆನೇ ಹೊರತು ಬಾಯಿ ತೆರೆದು ನೋಡಿರಲಿಲ್ಲ. ಅಂದು ತೆರೆದವಳು ಮಧ್ಯಾಹ್ನದವರೆಗೂ ಮುಚ್ಚಲಿಲ್ಲ. ಹಾಲಿನವನು, ಯಾತ್ರೆಯ ಡಾಕ್ಟರು, ಕೊಟ್ರಯ್ಯ, ಅವನ ಮೀಸೆ, ಎಲ್ಲರ ಬಾಕಿಯನ್ನೂ ತೀರಿಸಿದೆ. ಮರುಳಪ್ಪ ಬಾಗಿಲಿನಾಚೆ ನಿಂತು ಕೇಳಿದರು. ಹೋಟೆಲಿಗೆ ಹೋಗುವುದು ತಡವಾಯಿತು.

ಅಲ್ಲಿಂದ ನಮ್ಮ ಮನೆಯ ದರಬಾರು ಬಚ್ಚಲಿಗೆ ಸ್ಥಳಾಂತರವಾಯಿತು. ನಾನು ಒಳಗೆ, ಬಂದವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು. ಮದುವೆಯ ಸಲಹೆ, ಸೊಸೆಯ ದೂರು, ಹಪ್ಪಳದ ಅಳತೆ, ಎಲ್ಲಕ್ಕೂ ಅಲ್ಲಿಂದಲೇ ಉತ್ತರ. ನಡುನಡುವೆ ಯಾರಾದರೂ ನಕ್ಕರೆ ಫ್ಲಶ್ ಒತ್ತುತ್ತಿದ್ದೆ. ಜನ ಏನಕ್ಕಾದರೂ ಹೊಂದಿಕೊಳ್ಳುತ್ತಾರೆ. ಒಂದು ವಾರ ನಕ್ಕರು, ಆಮೇಲೆ ಸರದಿಗೆ ನಿಂತರು.

ನನ್ನ ತಂಗಿಯ ಮಗಳು ದಾಕ್ಷಾಯಣಿ ಬಂದದ್ದೂ ಆ ಬಾಗಿಲಿಗೇ. ಅವಳಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಬಕೆಟ್ಟು ಬೋರಲು ಹಾಕಿ ಕೂತಳು. ಬಾಗಿಲು ನಡುವೆ ಇದ್ದದ್ದು ಒಳ್ಳೆಯದೇ ಆಯಿತೇನೋ, ಮುಖ ನೋಡಿಕೊಂಡು ಹೇಳುವಂಥದ್ದಲ್ಲ ಅದು. "ದೊಡ್ಡಮ್ಮ, ಆ ಮನೇಲಿ ನಂಗೆ ಕೂರಕ್ಕೆ ಬಿಡಲ್ಲ" ಎಂದಳು.

"ಏನೇ ಹಂಗಂದ್ರೆ?"

"ಹಂಗಂದ್ರೆ ಹಂಗೇ. ಕೂತ್ರೆ ಅತ್ತೆ ಎಬ್ಬಿಸ್ತಾರೆ. ನೀರು ತಾ, ಒಲೆ ನೋಡು, ಬಾಗಿಲು ತೆಗಿ. ಊಟಾನೂ ಅಡುಗೆ ಕಟ್ಟೆ ಹತ್ರ ನಿಂತ್ಕೊಂಡೇ. ನನ್ನ ಗಂಡ ಹೊಡೆಯೋದೂ ನಿಲ್ಲಿಸ್ಕೊಂಡೇ. ಯಾಕೆ ಅಂತ ಕೇಳಕ್ಕೂ ಆಗಲ್ಲ. ಅತ್ತೆ ಮಂಡಿನೋವಿಗೆ ಅಂತ ಕಮೋಡ್ ಹಾಕ್ಸಿದಾರಲ್ಲ, ಅಲ್ಲಿ ಹೋಗಿ ಒಬ್ಬಳೇ ಮಾತಾಡ್ಕೊಂಡ್ ಬರ್ತಿದ್ದೆ. ನಿಮ್ಮ ಥರಾನೇ." ಆಮೇಲೆ ಹೇಳಿದಳು, "ನಾ ವಾಪಸ್ ಹೋಗಲ್ಲ. ಅವ್ರು ಮಣೆ ಕೇಳಿದಾರೆ. ಕೊಟ್ರಯ್ಯನ್ನ ಕೂರಿಸ್ತಾರಂತೆ. ನಮ್ಮ ಕಡೆ ನೀವೇ ಕೂರ್ಬೇಕು."

ನಾನು ಬಾಗಿಲಿನ ಈಚೆ ಕೂತು ಬಿಕ್ಕಳಿಸಿ ಅತ್ತೆ. ಅವಳಿಗೆ ಕೇಳಿಸಬಾರದೆಂದು ಫ್ಲಶ್ ಒತ್ತಿದೆ. ನಮ್ಮ ಮಣೆ ಮೊದಲು ಖಾಲಿಯಾದರೆ ಹುಡುಗಿ ಆ ಮನೆಗೆ ಮರಳಿ ಹೋಗಬೇಕು, ಬೇರೆ ಮಾತೇ ಇಲ್ಲ. ಬೇರೆ ಮಾತುಗಾರರು ಯಾರೂ ಕೊಟ್ರಯ್ಯನ ಮುಂದೆ ನಿಲ್ಲುವವರಲ್ಲ, ಅಂದರೆ ಕೂರುವವರಲ್ಲ. ನಾನೋ ಹತ್ತು ನಿಮಿಷದ ಗಿರಾಕಿ. ಪಂಚಾಯ್ತಿಯ ಚಾವಡಿಗೆ ಕಮೋಡು ಹೊತ್ತುಕೊಂಡು ಹೋಗಲಾಗುವುದಿಲ್ಲವಲ್ಲ.

ಇಲ್ಲಿ ನನ್ನ ಗಂಡ ತಮ್ಮ ಜೀವನದ ಅತಿ ದೊಡ್ಡ ಕೆಲಸ ಮಾಡಿದರು: ಕೂತರು. ಅವರ ಹೋಟೆಲಿಗೆ ಶಾಹೀನಾ ಎಂಬ ಫಿಜಿಯೋಥೆರಪಿ ಡಾಕ್ಟರಮ್ಮ ದಿನಾ ದೋಸೆ ತಿನ್ನಲು ಬರುತ್ತಿದ್ದರು. ಊರಿಗೆ ಹೊಸಬರು, ಕೈಚೀಲದಲ್ಲಿ ಸದಾ ಮಡಚುವ ಸ್ಟೂಲು. ಕಾವಲಿ ಬಿಟ್ಟು ಬಂದು ಮರುಳಪ್ಪ ಅವರ ಎದುರಿನ ಕುರ್ಚಿಯಲ್ಲಿ ಕೂತಾಗ ಇಡೀ ಹೋಟೆಲು ತಿರುಗಿ ನೋಡಿತಂತೆ. "ನನ್ನ ಹೆಂಡ್ತಿ ಕಮೋಡ್ ಮೇಲೆ ಮಾತ್ರ ಮಾತಾಡ್ತಾಳೆ ಮೇಡಂ" ಎಂದರಂತೆ. ಪಕ್ಕದ ಟೇಬಲ್ಲಿನವನಿಗೆ ನಕ್ಕು ನಕ್ಕು ನೆತ್ತಿಗೇರಿತು. ಡಾಕ್ಟರಮ್ಮ ನಗಲಿಲ್ಲ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿಟ್ಟು, "ಬೇರೆ ಕಡೆ ಕೂತ್ರೆ ನೋವು, ಅಲ್ಲಿ ಕೂತ್ರೆ ಇಲ್ಲ, ಅಲ್ವಾ?" ಎಂದು ಕೇಳಿದರಂತೆ.

ಅಂದೇ ಸಂಜೆ ಬಚ್ಚಲ ಬಾಗಿಲಿಗೆ ಬಂದು ಸ್ಟೂಲು ಬಿಚ್ಚಿ ಕೂತರು. ಇಷ್ಟು ದಿನ ಎಲ್ಲರೂ ನನ್ನ ಜಾಗಗಳನ್ನು ಪರೀಕ್ಷಿಸಿದ್ದರು, ಇವರು ನೋವನ್ನು ವಿಚಾರಿಸಿದರು. ನಿಂತರೆ ಕಡಿಮೆಯಾಗುತ್ತದೆಯೇ? ಹೌದು. ಬೆಳಿಗ್ಗೆಗಿಂತ ಸಂಜೆ ಜಾಸ್ತಿಯೇ? ಹೌದು. ನಿದ್ದೆಯಿಂದ ಎಬ್ಬಿಸುತ್ತದೆಯೇ? ಇಲ್ಲ, ಮಲಗಿದರೆ ಪುಣ್ಯಾತ್ಮ ಅದೂ ಮಲಗುತ್ತದೆ. ಮುಟ್ಟಿದರೆ ಮರಗಟ್ಟಿದೆಯೇ? ಇಲ್ಲ, ಸೀರೆಯ ನೆರಿಗೆ ತಾಗಿದರೂ ಉರಿ. ಎಲ್ಲ ಕೇಳಿ ಆದ ಮೇಲೆ ಹೇಳಿದರು, "ಅಮ್ಮಾ, ನೀವು ಸುಳ್ಳು ಹೇಳ್ತಿಲ್ಲ. ಮನಸ್ಸಿಂದೂ ಅಲ್ಲ. ಇದು ನರದ ನೋವು." ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ನೋವು ಹೋಗಿರಲಿಲ್ಲ, ಆದರೆ ಅದಕ್ಕೊಂದು ಸಾಕ್ಷಿ ಸಿಕ್ಕಿತ್ತು.

ಆಮೇಲೆ ಅವರು ಬಿಡಿಸಿ ಹೇಳಿದರು. ಬೆನ್ನಿನ ಬುಡದಿಂದ ಒಂದು ನರ ಹೊರಟು, ಕೂರುವ ಮೂಳೆಯ ಪಕ್ಕದ ಇಕ್ಕಟ್ಟು ಸಂದಿಯಲ್ಲಿ ನುಸುಳಿ ಮುಂದಕ್ಕೆ ಬರುತ್ತದಂತೆ. ಒಂದರ ಜಾಗ, ಎರಡರ ಜಾಗ, ಹೆಂಗಸಿನ ಜಾಗ, ಮೂರಕ್ಕೂ ಅದರದ್ದೇ ಕವಲು. "ಅದಕ್ಕೇ ಮೂರು ಡಾಕ್ಟರು ಮೂರು ಕಡೆ ನೋಡಿದಾರೆ. ತೊಂದರೆ ಕವಲಲ್ಲಿಲ್ಲ, ದಾರೀಲಿದೆ. ಅಲ್ಲಿ ನರ ಒತ್ತಿಕೊಂಡ್ರೆ ಸ್ಕ್ಯಾನಲ್ಲಿ ಹೆಚ್ಚಾಗಿ ಕಾಣಲ್ಲ. ಕಮೋಡ್ ಮೇಲೆ ಭಾರ ತೊಡೆ ಮೇಲೆ ಬೀಳುತ್ತೆ, ನಡುವೆ ಖಾಲಿ, ಅದಕ್ಕೇ ನೋವಿಲ್ಲ." ನಾನು ಕೇಳಿದೆ, "ನನಗೇ ಯಾಕೆ ಬಂತು ಡಾಕ್ಟರಮ್ಮ?"

"ಮಣೆ ಮೇಲೆ ಕೂತಾಗ ಒಂದಕ್ಕೆ ಬಂದ್ರೆ ಏನ್ಮಾಡ್ತಿದ್ರಿ?"

"ತಡ್ಕೋತಿದ್ದೆ," ಎಂದೆ ಹೆಮ್ಮೆಯಿಂದ. "ನನ್ನಷ್ಟು ಹೊತ್ತು ತಡ್ಕೊಳ್ಳೋರು ಈ ಊರಲ್ಲಿ ಯಾರಿದ್ದಾರೆ?"

ಅವರು ಬಾಗಿಲಿನಾಚೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಗಟ್ಟಿ ಹಲಗೆಯ ಮೇಲೆ ವರ್ಷಗಟ್ಟಲೆ ಕೂತು, ಕೆಳಗಿನ ಸ್ನಾಯುಗಳನ್ನು ಬಿಗಿದು ಬಿಗಿದು, ಅವಕ್ಕೆ ಸಡಿಲವಾಗುವುದೇ ಮರೆತುಹೋಗಿತ್ತಂತೆ. ನಡುವೆ ಸಿಕ್ಕ ನರ ಕೂಗಿ ಕೂಗಿ, ಈಗ ಯಾರೂ ತುಳಿಯದಿದ್ದರೂ ಕೂಗುವ ಚಾಳಿ ಕಲಿತಿತ್ತಂತೆ. ಅದರ ಮೇಲೆ ಬಿಗಿಹಿಡಿಯುವ ವ್ಯಾಯಾಮ ಬೇರೆ! "ನಿಮಗೆ ಬೇಕಾಗಿರೋದು ಬಿಗಿಯೋದಲ್ಲ, ಬಿಡೋದು" ಎಂದರು. ನಮ್ಮ ಕಸುಬಿನವರು ಯಾವುದರ ಬಗ್ಗೆ ಜಂಬ ಕೊಚ್ಚುತ್ತಿದ್ದೆವೋ ಅದೇ ನನ್ನನ್ನು ಕೂರದ ಹಾಗೆ ಮಾಡಿತ್ತು. ನಾನು ಪೆಚ್ಚಾಗಿ ಫ್ಲಶ್ ಕೂಡ ಒತ್ತಲಿಲ್ಲ.

ಚಿಕಿತ್ಸೆಯ ವಿಷಯ ಹೇಳುತ್ತೇನೆ, ಮಡಿವಂತರು ಒಂದು ಪ್ಯಾರಾ ಬಿಟ್ಟು ಓದಿ. ಡಾಕ್ಟರಮ್ಮ ಕೈಗವಸು ಹಾಕಿ, ಒಪ್ಪಿಗೆ ಕೇಳಿ, ನನ್ನ ಗಂಡನಿಗೂ ಗೊತ್ತಿಲ್ಲದ ವಿಳಾಸಗಳಲ್ಲಿ ಬಿಗಿದ ಗಂಟುಗಳನ್ನು ಬೆರಳಿನಿಂದ ಮೆತ್ತಗೆ ಒತ್ತಿ ಬಿಡಿಸಿದರು. ಮೊದಲ ದಿನ ನಾಚಿಕೆ, ಎರಡನೆಯ ದಿನ ಚಾವಣಿಯ ಜೇಡರಬಲೆ ಎಣಿಸಿದೆ, ಆಮೇಲೆ ಅಭ್ಯಾಸವಾಯಿತು. ಮಲಗಿ ಹೊಟ್ಟೆಯವರೆಗೆ ಉಸಿರು ಎಳೆದು, ಕೆಳಗಿನದ್ದನ್ನೆಲ್ಲ ಸಡಿಲ ಬಿಡುವುದನ್ನು ಕಲಿಸಿದರು. ಕೇಳಲು ಸುಲಭ, ಮಾಡಿ ನೋಡಿ; ಜನ್ಮವಿಡೀ ಮುಷ್ಟಿ ಕಟ್ಟಿದವಳಿಗೆ ಬಿಚ್ಚು ಎಂದರೆ ಯಾವ ಬೆರಳೆಂದು ಗೊತ್ತಾಗುವುದಿಲ್ಲ. ಪೇಟೆಯ ನೋವಿನ ಡಾಕ್ಟರ ಬಳಿ ಕಳಿಸಿ, ನರ ತಣಿಸುವ ಮಾತ್ರೆ ಸಣ್ಣ ಪ್ರಮಾಣದಲ್ಲಿ ಕೊಡಿಸಿದರು; ಬಾಯಿ ಒಣಗಿ ಹಗಲಲ್ಲೂ ತೂಕಡಿಕೆ. ಅದೇ ಡಾಕ್ಟರು ಪರದೆಯಲ್ಲಿ ನೋಡಿಕೊಂಡು ನರದ ಪಕ್ಕಕ್ಕೆ ಸೂಜಿಮದ್ದು ಹಾಕಿದರು. ಅಂದು ಕೂತರೆ ಏನೂ ಇಲ್ಲ! "ನೋವು ಅಲ್ಲಿಂದಲೇ ಅನ್ನೋದು ಖಾತ್ರಿ ಆಯ್ತು" ಎಂದರು. ಖಾತ್ರಿಯೇನೋ ಆಯಿತು, ಕೆಲವು ವಾರದಲ್ಲಿ ಅರ್ಧ ಮರಳಿ ಬಂತು. ಒಳ್ಳೆಯ ದಿನ, ಕೆಟ್ಟ ದಿನ, ಮತ್ತೆ ಒಳ್ಳೆಯ ದಿನ. ನಿಜ ಹೇಳಬೇಕೆಂದರೆ ಕೆಟ್ಟ ದಿನಗಳಲ್ಲಿ ಡಾಕ್ಟರಮ್ಮನನ್ನೂ ಬೈದಿದ್ದೇನೆ.

ಮರುಳಪ್ಪ ಗಟ್ಟಿ ಫೋಮಿನ ದಿಂಬು ತಂದು, ನಡುವೆ ಹೋಟೆಲಿನ ಚಾಕುವಿನಿಂದ ಕೊರೆದು, ಮುಂದೆ ಬಾಯಿ ಬಿಟ್ಟ ಲಾಳದ ಆಕಾರ ಮಾಡಿಕೊಟ್ಟರು. ಅದರ ಮೇಲೆ ಕೂತರೆ ಭಾರ ಎರಡು ಬದಿಗೆ, ನಡುವೆ ಗಾಳಿ. ದನಿ ಪೂರ್ತಿ ಬರುತ್ತಿತ್ತು. ಬಚ್ಚಲ ದರಬಾರು ಮತ್ತೆ ಹಜಾರಕ್ಕೆ ಬಂತು. ಆದರೆ ಡಾಕ್ಟರಮ್ಮನ ಕಟ್ಟಪ್ಪಣೆ ಒಂದಿತ್ತು: "ನೋವು ಬರೋಕೆ ಮುಂಚೆ ಏಳಿ. ಬಂದ ಮೇಲಲ್ಲ. ಸ್ವಲ್ಪ ಹೊತ್ತು ಕೂತು, ಎದ್ದು ನಡೆದು, ಮತ್ತೆ ಕೂರಿ. ಪೂರ್ತಿ ಹೋಗುತ್ತೆ ಅಂತ ನಾನು ಭಾಷೆ ಕೊಡಲ್ಲ. ನೀವು ಏಳ್ತೀನಿ ಅಂತ ಭಾಷೆ ಕೊಡಿ."

"ನನ್ನ ಕಸುಬಲ್ಲಿ ಎದ್ರೆ ಸೋತ ಹಾಗೆ."

"ಏಳ್ದಿದ್ರೆ ಮತ್ತೆ ಕೂರೋಕೇ ಆಗಲ್ಲ ಅಮ್ಮಾ."

ನಾನು ಭಾಷೆ ಕೊಡಲಿಲ್ಲ. ದಾಕ್ಷಾಯಣಿಯ ಮಣೆ ಹತ್ತಿರ ಬಂದಿತ್ತು. ಒಂದು ದಿನದ ಮಟ್ಟಿಗೆ ತಡೆದುಕೊಂಡರೆ ಸಾಕು, ಆಮೇಲೆ ಉಳಿದ ಆಯುಷ್ಯವೆಲ್ಲ ನಿಂತೇ ಕಳೆದರೂ ಸರಿ ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ. ಆ ಹುಡುಗಿಯ ಮೇಲೆ ನನಗೆ ಅಷ್ಟು ಪ್ರೀತಿ. ಮಕ್ಕಳಿಲ್ಲದ ಮನೆಯಲ್ಲಿ ಆಡಿ ಬೆಳೆದವಳು.

ಚಾವಡಿ ಕಿಕ್ಕಿರಿದಿತ್ತು. ಒಂದು ಕಡೆ ದಾಕ್ಷಾಯಣಿಯ ಗಂಡ, ಅತ್ತೆ, ಅವರ ಬಳಗ. ಇನ್ನೊಂದು ಕಡೆ ನನ್ನ ತಂಗಿ, ಮರುಳಪ್ಪ, ಡಾಕ್ಟರಮ್ಮ. ನನ್ನ ಬೆನ್ನ ಹಿಂದೆ ಹುಡುಗಿ. ಎಲ್ಲರೂ ನಿಂತಿದ್ದರು. ನಾನು ಮಣೆಯ ಮೇಲೆ ದಿಂಬಿಟ್ಟು ಕೂತ ಕೂಡಲೇ ಕೊಟ್ರಯ್ಯ ಮೀಸೆ ತಿರುವಿ ತಕರಾರು ತೆಗೆದ. "ಇದು ಕೂತ ಲೆಕ್ಕ ಅಲ್ಲ. ನಡುವೆ ತೂತಿದೆ. ತೂತಿನ ಮೇಲೆ ಕೂತೋರು ಕೂತಂಗಲ್ಲ."

"ನಾ ಕೂತಿಲ್ಲ ಅಂದ್ರೆ ಈಗ ನಿಂಗೆ ಬೈತಿರೋದು ಯಾರಪ್ಪಾ, ನಿಮ್ಮಪ್ಪನಾ?" ಎಂದೆ. ಚಾವಡಿಯ ಜನ ಸದ್ದಿಲ್ಲದೆ ನಕ್ಕರು, ಹೊಟ್ಟೆಗಳು ಕುಲುಕಿದವು. ತಕರಾರು ಬಿದ್ದುಹೋಯಿತು.

ಕೊಟ್ರಯ್ಯ ಬುದ್ಧಿವಂತ. ನನ್ನ ನೋವಿನ ಸುದ್ದಿ ಅವನಿಗೆ ಗೊತ್ತು, ವಾದ ಮಾಡುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ಗಂಡಿನ ಮನೆತನದ ಮೂಲಪುರುಷನಿಂದ ಶುರುಮಾಡಿದ. ಯಾರು ಯಾವ ಬಾವಿ ತೋಡಿಸಿದರು, ಯಾವ ಎಮ್ಮೆ ಎಷ್ಟು ಕರು ಹಾಕಿತು, ಎಲ್ಲ ನಿಧಾನವಾಗಿ, ಎಲೆ ಅಡಿಕೆ ಮೆಲ್ಲುತ್ತ. ನಾನು ಹೊಡೆತ ಬಡಿತದ ಮಾತೆತ್ತಿದರೆ, "ಬರ್ತೀನಿ, ಅಲ್ಲಿಗೇ ಬರ್ತೀನಿ" ಎಂದು ಇನ್ನೊಂದು ಎಮ್ಮೆಯ ಬಾಲ ಹಿಡಿಯುತ್ತಿದ್ದ. ಮೊದಲು ಸಣ್ಣ ಉರಿ ಬಂತು. ಡಾಕ್ಟರಮ್ಮ ನಿಂತಲ್ಲಿಂದ ಅಂಗೈ ಮೇಲೆತ್ತಿ, ಏಳಿ ಎಂದು ಸನ್ನೆ ಮಾಡಿದರು. ಮುಖ ತಿರುಗಿಸಿದೆ. ಲಿಂಬೆಹಣ್ಣು ಬಂತು. ಉಸಿರೆಳೆದು ಸಡಿಲ ಬಿಟ್ಟು ನೋಡಿದೆ, ಕೊಂಚ ತಗ್ಗಿ ಮತ್ತೆ ಏರಿತು. ಕರೆಂಟು ಹೊಡೆಯತೊಡಗಿತು. ಬೆವರು ಕಣ್ಣಿಗಿಳಿದು ಕೊಟ್ರಯ್ಯ ಇಬ್ಬರಾಗಿ ಕಂಡ. ಮಾತಾಡಲು ಬಾಯಿ ತೆರೆದರೆ ನರಳಿಕೆ ಹೊರಟಿತು. ಅವನು ಮೆಲ್ಲುವುದನ್ನು ನಿಲ್ಲಿಸಿ, "ಏಳ್ತೀಯೇನಮ್ಮ ಚನ್ನಾಜಮ್ಮ? ಕಷ್ಟ ಆದ್ರೆ ಎದ್ದುಬಿಡು, ಹುಡುಗಿ ಹೆಂಗಿದ್ರೂ ಮನೆಗೇ ತಾನೇ ಹೋಗೋದು" ಎಂದ. ಸತ್ತರೂ ಏಳುವುದಿಲ್ಲವೆಂದು ಮಣೆಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದೆ.

ಹಿಂದಿನಿಂದ ಯಾರೋ ನನ್ನ ಕಂಕುಳಿಗೆ ಕೈ ಹಾಕಿದರು. ಏನಾಗುತ್ತಿದೆಯೆಂದು ತಿಳಿಯುವ ಮೊದಲೇ, ಹಿಟ್ಟಿನ ಮೂಟೆ ಎತ್ತುವ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿ ಆಗಿತ್ತು. ದಾಕ್ಷಾಯಣಿ! "ಅಯ್ಯೋ ಮುಂಡೇದೇ, ಸೋಲಿಸಿಬಿಟ್ಟೆಯಲ್ಲೇ" ಎಂದು ಕಿರುಚಿದೆ. ನಿಂತಿದ್ದೆನಾಗಿ ಬಾಯಿ ಮಾತ್ರ ತೆರೆದು ಮುಚ್ಚಿತು. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ನನ್ನ ಮಣೆಯ ಮೇಲೆ ಕೂತಳು.

"ಎದ್ಲು! ಚನ್ನಾಜಮ್ಮ ಎದ್ಲು! ಸೋತ್ರಿ!" ಎಂದು ಕೊಟ್ರಯ್ಯ ಕೂತಲ್ಲೇ ಕುಪ್ಪಳಿಸಿದ.

"ಎದ್ದಿದ್ದು ದೊಡ್ಡಮ್ಮ" ಎಂದಳು ದಾಕ್ಷಾಯಣಿ. ಅವಳ ದನಿ ಅಷ್ಟು ದೊಡ್ಡದೆಂದು ನನಗಿರಲಿ, ಹೆತ್ತ ತಾಯಿಗೂ ಗೊತ್ತಿರಲಿಲ್ಲ. ತಂಗಿ ಬೆಚ್ಚಿ ನನ್ನ ಕೈ ಹಿಡಿದಳು. ಹುಡುಗಿ ಮುಂದುವರಿಸಿದಳು, "ಮಣೆ ಖಾಲಿ ಆಗಿಲ್ಲ ಅಜ್ಜಾ. ನಾ ಕೂತಿದೀನಿ."

"ಪಂಚಾಯ್ತಿ ಯಾರದ್ದೋ ಆ ಹೆಣ್ಣೇ ಕೂರೋ ಪದ್ಧತಿ ಇಲ್ಲ. ಹೆಣ್ಣು ನಿಂತಿರ್ಬೇಕು."

"ಪದ್ಧತೀಲಿ ಎದ್ದೋರು ಸೋತ್ರು ಅಂತಿದೆ. ಕೂತೋರು ಸೋತ್ರು ಅಂತ ಎಲ್ಲಿದೆ? ಇದ್ರೆ ಹಿರಿಯರು ಕೂತು ಹೇಳ್ಲಿ." ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕೂರಲು ಅಲ್ಲಿ ಇನ್ನೊಂದು ಮಣೆ ಇರಲಿಲ್ಲ, ನೆಲದ ಮೇಲೆ ಕೂತರೆ ಮರ್ಯಾದೆಗೆ ಕಡಿಮೆ. ಯಾರೂ ಕೂರಲಿಲ್ಲ.

ಆಮೇಲೆ ಅವಳು ಮಾತಾಡಿದಳು. ನಾನಾಗಿದ್ದರೆ ಗಾದೆ ಪೋಣಿಸುತ್ತಿದ್ದೆ, ಗಂಡಿನ ಅಜ್ಜನ ಹಲ್ಲು ಎಣಿಸುತ್ತಿದ್ದೆ. ಅವಳು ನಡೆದದ್ದನ್ನು ಹೇಳಿದಳು, ಅಷ್ಟೇ. ಯಾವಾಗ ಹೊಡೆದರು, ಯಾವುದಕ್ಕೆ ಹೊಡೆದರು. ಜ್ವರ ಬಂದಾಗ ಗೋಡೆಗೊರಗಿ ನಿಂತು ನಿದ್ದೆಮಾಡಿದ್ದು. ಗಂಡ ನೆಲ ನೋಡುತ್ತ ನಿಂತಿದ್ದ. ಅತ್ತೆಯ ಬಾಯಿ ಒಂದೇ ಸಮನೆ ಆಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ನಾನು ಸುತ್ತ ನಡೆದೆ, ಸೊಂಟ ಸಡಿಲವಾಯಿತು, ಕರೆಂಟು ತಗ್ಗಿ ಲಿಂಬೆಹಣ್ಣಾಯಿತು, ಲಿಂಬೆಹಣ್ಣು ಬರೀ ಉರಿಯಾಯಿತು. ಸ್ವಲ್ಪ ಹೊತ್ತಿಗೆ ಹುಡುಗಿ ತಿರುಗಿ ನೋಡಿದಳು. ಅವಳ ಬಿಗಿದ ದವಡೆ, ಒತ್ತಿಹಿಡಿದ ತೊಡೆ ನೋಡಿದರೆ ನನಗೆ ಗೊತ್ತಾಗದೇ ಇರುತ್ತದೆಯೇ? ಬೆಳಿಗ್ಗೆಯಿಂದ ಒಂದಕ್ಕೆ ಹೋಗಿರಲಿಲ್ಲ. ಅವಳನ್ನು ಕಂಕುಳಿಗೆ ಕೈಹಾಕಿ ಎತ್ತಿ ನಾನು ಕೂತೆ. "ಹೋಗ್ ಬಾ. ತಡ್ಕೋಬೇಡ. ಈ ಮನೆತನದಲ್ಲಿ ಇನ್ನು ಯಾರೂ ತಡ್ಕೊಳ್ಳಲ್ಲ" ಎಂದೆ.

ಹೀಗೆ ಅವಳು, ನಾನು, ಅವಳು, ನಾನು. ಮಣೆ ಒಂದು ಗಳಿಗೆಯೂ ತಣ್ಣಗಾಗಲಿಲ್ಲ. ಕೊಟ್ರಯ್ಯನ ಎಮ್ಮೆಗಳು ಮುಗಿದವು, ಎಲೆ ಅಡಿಕೆ ಮುಗಿಯಿತು. ಅವನು ಒಂದು ಬದಿಗೆ ವಾಲಿದ, ಇನ್ನೊಂದು ಬದಿಗೆ ವಾಲಿದ, ದನಿ ಕೀರಲಾಯಿತು, ಗೊಗ್ಗರಾಯಿತು. ಎಪ್ಪತ್ತು ದಾಟಿದ ಮುದುಕನ ಮೂತ್ರಕೋಶಕ್ಕೆ ಪದ್ಧತಿ ಗಿದ್ಧತಿ ತಿಳಿಯುವುದಿಲ್ಲ. ಗೆಲ್ಲುವ ಖುಷಿಯ ನಡುವೆಯೂ ಅವನ ಮೇಲೆ ನನಗೆ ಮರುಕ ಬಂತು, ನಿಜವಾಗಿಯೂ ಬಂತು. ಕಡೆಗೆ "ಥೂ, ಏನಾದ್ರೂ ಮಾಡ್ಕೊಳಿ" ಎಂದು ಶುರುಮಾಡಿದ ಮಾತು, ಏಳುತ್ತಿದ್ದ ಹಾಗೆ ನಡುವೆಯೇ ತುಂಡಾಯಿತು. ಪಂಚೆ ಹಿಡಿದುಕೊಂಡು ಬಚ್ಚಲ ಕಡೆಗೆ ಓಡಿದ.

ಎದುರಿನ ಮಣೆ ಖಾಲಿಯಾಗಿತ್ತು. ಡಾಕ್ಟರಮ್ಮ ಎರಡೂ ಕೈ ಮೇಲೆತ್ತಿ ಕುಣಿದರು. ತಂಗಿ ಅತ್ತಳು. ಜನ ಹೊರಡಲು ಚಪ್ಪಲಿ ಹುಡುಕತೊಡಗಿದರು, ಗಂಡಿನ ಕಡೆಯವರು ಬಾಗಿಲಿಗೆ ತಿರುಗಿದರು. ದಾಕ್ಷಾಯಣಿ ಮಣೆಯ ಮೇಲಿದ್ದಳು. ಎಲ್ಲ ಮುಗಿಯಿತು, ಏಳೇ ಎಂದು ನಾನು ಭುಜ ತಟ್ಟಿದೆ. ಅವಳು ಏಳಲಿಲ್ಲ. ದಿಂಬನ್ನು ಪಕ್ಕಕ್ಕಿಟ್ಟು, ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಸರಿಯಾಗಿ ಕೂತಳು.

"ಅತ್ತೆ, ಹೋಗ್ಬೇಡಿ" ಎಂದಳು. "ಇಷ್ಟು ಹೊತ್ತು ಹೇಳಿದ್ದು ಪಂಚಾಯ್ತಿಗೆ. ನಿಮಗೆ ಅಂತ ಎರಡು ವರ್ಷದ ಮಾತು ಹಾಗೇ ಇದೆ. ಈಗ ಹೇಳ್ತೀನಿ, ಆಗ್ಬೋದಾ?"

ಚಾವಡಿಯ ತುಂಬ ಜನ ನಿಂತಿದ್ದರು. ಬೇಡ ಎನ್ನಲು ಯಾರಿಗೂ ಬಾಯಿರಲಿಲ್ಲ.